ಕುದುರೆ ಪುಸ್ತಕಕ್ಕೆ ಕುಂಕುಮ

ಮೊನ್ನೆ ಹೊಲಿಗೆ ಡಬ್ಬಿಯಲ್ಲಿ ಗುಂಡಿ ಹುಡುಕುತ್ತಿದ್ದಾಗ ಬಜೆಯ ತುಂಡೊಂದು ಕೈಗೆ ಸಿಕ್ಕಿತು. ಬಜೆ ನಿಮಗೆ ಗೊತ್ತೇ ಇದೆ, ಮಕ್ಕಳಿಗೆ ಮಾತು ಚೆನ್ನಾಗಿ ಬರಲಿ ಎಂದು ತೇದು ನಾಲಿಗೆಗೆ ನೆಕ್ಕಿಸುವ ಬೇರು. ನಮ್ಮ ಮನೆಯಲ್ಲಿ ಮಾತ್ರ ಅದನ್ನು ಅಂಗಡಿಯಿಂದ ತಂದು ನೇರವಾಗಿ ಮಗುವಿನ ಬಾಯಿಗೆ ಇಡುತ್ತಿರಲಿಲ್ಲ. ಮೊದಲು ಅದು ಪೆಟ್ಟಿಗೆಯೊಳಗೆ ಫಾರಸಿ ಪುಸ್ತಕಗಳ ನಡುವೆ ಒಂದು ವರ್ಷವಾದರೂ ಬಿದ್ದಿರಬೇಕು, ಆಮೇಲೆ ಮಗುವಿಗೆ. ಹುಳ ಬರದಿರಲಿ ಎಂದು ಇಟ್ಟ ಬಜೆಯನ್ನು ಎಸೆಯಲು ಮನಸ್ಸು ಬಾರದ ಯಾವಳೋ ಮುತ್ತಜ್ಜಿ ಶುರು ಮಾಡಿದ ಪದ್ಧತಿ ಇರಬೇಕು. ಯಾಕೆ ಹೀಗೆ ಎಂದು ಕೇಳಿದರೆ, ಅಷ್ಟೊಂದು ವಿದ್ಯೆಯ ಪಕ್ಕ ಮಲಗಿದ್ದದ್ದಲ್ಲವೇ, ಒಂದಿಷ್ಟಾದರೂ ಇಳಿದಿರುತ್ತದೆ ಎನ್ನುತ್ತಿದ್ದರು. ಏನು ಇಳಿಯಿತೋ ಕಾಣೆ, ನಮ್ಮ ವಂಶದಲ್ಲಿ ಬಾಯಿ ಮುಚ್ಚಿಕೊಂಡಿರುವವರು ಇದುವರೆಗೆ ಹುಟ್ಟಿಲ್ಲ. ಮದುವೆಯಾಗಿ ಹೊರಗಿನಿಂದ ಬಂದವರು ಇದಕ್ಕೆ ಬೇರೆ ಹೆಸರು ಇಟ್ಟಿದ್ದಾರೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಬಜೆಯಿಂದ ಶುರು ಮಾಡಿದ ಮೇಲೆ ಪೆಟ್ಟಿಗೆಯ ವಿಷಯ ಹೇಳದೆ ವಿಧಿಯಿಲ್ಲ. ನಮ್ಮ ಮುತ್ತಾತ ದಂಡು ಪ್ರದೇಶದಲ್ಲಿ ಬ್ರಿಟಿಷ್ ದೊರೆಯೊಬ್ಬನ ಕಚೇರಿಯಲ್ಲಿ ಮುನ್ಷಿಯಾಗಿದ್ದರು. ಹಳೆಯ ಫಾರಸಿ ಕಾಗದಪತ್ರಗಳನ್ನು ಓದಿ ದೊರೆಗೆ ಅರ್ಥ ಹೇಳುವುದು ಅವರ ಕೆಲಸ. ಬೆಳಿಗ್ಗೆ ಸಂಧ್ಯಾವಂದನೆ, ಹಗಲೆಲ್ಲ ಫಾರಸಿ, ಸಂಜೆ ಮನೆಗೆ ಬಂದವರೇ ತಲೆಗೆ ಸ್ನಾನ. ಅವರ ಫೋಟೋ ಇನ್ನೂ ನಮ್ಮ ಹಾಲ್‌ನಲ್ಲಿದೆ. ದೊಡ್ಡ ಪೇಟ, ದೊಡ್ಡ ಮೀಸೆ, ಇನ್ನೇನು ಸೀನು ಬರುವವರ ಹಾಗೆ ಅರ್ಧ ಮುಚ್ಚಿದ ಕಣ್ಣು. ನಶ್ಯದ ಅಭ್ಯಾಸವಿತ್ತಂತೆ, ಆದ್ದರಿಂದ ನಿಜವಾಗಿಯೂ ಸೀನು ಬರುತ್ತಿತ್ತೇನೋ.

ದೊರೆ ಸೀಮೆಗೆ ವಾಪಸು ಹೊರಟಾಗ ತನ್ನ ಸಾಮಾನುಗಳನ್ನು ಕಚೇರಿಯವರಿಗೆಲ್ಲ ಹಂಚಿದನಂತೆ. ಪಿಯಾನೋ ಒಬ್ಬರಿಗೆ, ಕುದುರೆ ಇನ್ನೊಬ್ಬರಿಗೆ, ಕೈಬರಹದ ಫಾರಸಿ, ಅರಬ್ಬಿ ಪುಸ್ತಕಗಳು ತುಂಬಿದ ಬೀಟೆ ಮರದ ಪೆಟ್ಟಿಗೆ ನಮ್ಮ ಮುತ್ತಾತನಿಗೆ. ಕುದುರೆಯನ್ನು ಪಡೆದವರು ಅದನ್ನು ಮಾರಿ ಬಸವನಗುಡಿಯಲ್ಲಿ ಮನೆ ಮಾಡಿಕೊಂಡರು ಎಂದು ನಮ್ಮ ಮನೆಯ ಹೆಂಗಸರು ತಲೆಮಾರುಗಟ್ಟಲೆ ನಿಟ್ಟುಸಿರು ಬಿಟ್ಟಿದ್ದಾರೆ. ಮುತ್ತಾತ ಇರುವವರೆಗೆ ಆ ಪುಸ್ತಕಗಳನ್ನು ಓದುತ್ತಿದ್ದರು. ಅವರ ಮಗ, ಅಂದರೆ ನಮ್ಮ ತಾತ, ಕಾಲ ನೋಡಿಕೊಂಡು ಇಂಗ್ಲಿಷ್ ಕಲಿತರು. ಹೀಗೆ ಒಂದೇ ತಲೆಮಾರಿನಲ್ಲಿ ಪುಸ್ತಕಗಳು ಮೂಕವಾದವು. ಓದಲು ಬಾರದ ಪುಸ್ತಕವನ್ನು ನಮ್ಮ ಜನ ಏನು ಮಾಡುತ್ತಾರೆ ಎಂದು ಹೇಳಬೇಕಾಗಿಲ್ಲ, ಪೂಜೆಗೆ ಇಡುತ್ತಾರೆ.

ಅದಕ್ಕೂ ಮೊದಲು ಬಟ್ಟೆ ಸುತ್ತುತ್ತಾರೆ. ಅರಿಶಿನ ಕುಂಕುಮಕ್ಕೆ ಹೋದ ಮನೆಗಳಲ್ಲಿ ತಾಂಬೂಲದ ಜೊತೆ ಕೊಡುತ್ತಾರಲ್ಲ ರವಿಕೆ ಕಣ, ಅದರಲ್ಲಿ ಹೊಲಿಸಿಕೊಳ್ಳಲೂ ಆಗದ, ಇನ್ನೊಬ್ಬರಿಗೆ ದಾಟಿಸಲೂ ನಾಚಿಕೆಯಾಗುವ ಬಣ್ಣಗಳೆಲ್ಲ ಈ ಪುಸ್ತಕಗಳ ಪಾಲಾದವು. ಒಳಗೆ ಏನಿದೆ ಎಂದು ಗೊತ್ತಿಲ್ಲದ್ದರಿಂದ ಹೊರಗಿನ ಬಟ್ಟೆಯೇ ಪುಸ್ತಕದ ಹೆಸರಾಯಿತು. ಹಸಿರು ಬುಟ್ಟಾ, ಕಿತ್ತಳೆ ಪಾಲಿಯೆಸ್ಟರ್, ನೇರಳೆ ಸ್ಯಾಟಿನ್. ಮಕ್ಕಳು ಕೆಟ್ಟ ಕನಸು ಕಂಡು ಅತ್ತರೆ ಅಮ್ಮ ನೇರಳೆ ಸ್ಯಾಟಿನನ್ನು ದಿಂಬಿನ ಕೆಳಗೆ ಇಡುತ್ತಿದ್ದಳು. ಚಿಕ್ಕಪ್ಪನ ಮಗ ಪ್ರಭಾಕರ ರಜೆಗೆ ಬಂದಾಗಲೆಲ್ಲ ಅದರ ಮೇಲೆಯೇ ಮಲಗಿದವನು. ಅವನು ವಿಪರೀತ ಪುಕ್ಕಲ.

ಕೆಂಪು ರೇಷ್ಮೆಯ ಕಣ ಮಾತ್ರ ಒಂದೇ ಒಂದು ಪುಸ್ತಕಕ್ಕೆ. ಎಲ್ಲಕ್ಕಿಂತ ದಪ್ಪದ್ದು, ಚರ್ಮದ ರಟ್ಟಿನದು. ಅದಕ್ಕೆ ದೇವರ ಪುಸ್ತಕ ಎಂದು ಹೆಸರು. ನವರಾತ್ರಿಯಲ್ಲಿ ಸರಸ್ವತಿ ಪೂಜೆಯ ದಿನ ಮಣೆಯ ಮೇಲೆ ನಮ್ಮ ಗಣಿತ, ವಿಜ್ಞಾನದ ಪುಸ್ತಕಗಳನ್ನೆಲ್ಲ ಪೇರಿಸಿ, ತುದಿಗೆ ದೇವರ ಪುಸ್ತಕವನ್ನು ತೆರೆದಿಡುತ್ತಿದ್ದರು. ರಟ್ಟು ತೆರೆದ ಕೂಡಲೇ ಸಿಗುವ ಪುಟದಲ್ಲಿ ಬರಹ ಮೇಲೆ ಅಗಲವಾಗಿ ಶುರುವಾಗಿ, ಸಾಲು ಸಾಲಿಗೂ ಕಿರಿದಾಗುತ್ತಾ, ಕೆಳಗೆ ಒಂದು ಚೂಪಾದ ತುದಿಗೆ ಬಂದು ನಿಲ್ಲುತ್ತಿತ್ತು. ತಲೆಕೆಳಗಾದ ತ್ರಿಕೋನ. ಅದು ಯಂತ್ರವೇ ಎನ್ನುವುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಆ ತುದಿಗೆ ವರ್ಷಕ್ಕೊಮ್ಮೆ ಕುಂಕುಮ. ವಿಜಯದಶಮಿಯ ದಿನ ಪುಸ್ತಕಗಳನ್ನು ಎತ್ತಿ ಒಂದು ಸಾಲಾದರೂ ಓದಬೇಕು ಎನ್ನುವ ನಿಯಮವಿದೆಯಲ್ಲ, ತಾತ ದೇವರ ಪುಸ್ತಕದ ಮುಂದೆ ಕೂತು, ಕನ್ನಡಕ ಏರಿಸಿ, ಎಡದಿಂದ ಬಲಕ್ಕೆ ಬೆರಳು ಓಡಿಸಿ, ಎಲ್ಲ ತಿಳಿದವರ ಹಾಗೆ ತಲೆದೂಗಿ ಪುಸ್ತಕ ಮುಚ್ಚುತ್ತಿದ್ದರು. ಪರೀಕ್ಷೆಗೆ ಹೋಗುವ ಮುಂಚೆ ನಾವೆಲ್ಲ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕಿತ್ತು. ನಾನು ಭಕ್ತಿಯಿಂದ ಒತ್ತಿಕೊಂಡವಳು. ಗಣಿತದಲ್ಲಿ ಬಂದ ಅಂಕಗಳನ್ನು ಕೇಳಬೇಡಿ.

ಪೆಟ್ಟಿಗೆಯಲ್ಲಿ ಏನಿದೆ ಎನ್ನುವ ಬಗ್ಗೆ ನೆಂಟರಲ್ಲಿ ಒಬ್ಬೊಬ್ಬರದು ಒಂದೊಂದು ಶಾಸನ. ತಾಮ್ರವನ್ನು ಚಿನ್ನ ಮಾಡುವ ವಿದ್ಯೆ ಎಂದು ಒಬ್ಬರು, ಸಕ್ಕರೆ ಕಾಯಿಲೆಗೆ ಯುನಾನಿ ಔಷಧಿ ಎಂದು ಇನ್ನೊಬ್ಬರು. ಪ್ರಭಾಕರನ ನಂಬಿಕೆ ಎಂದರೆ ಅದರಲ್ಲಿ ಹೊಸಕೆರೆಹಳ್ಳಿಯ ಕೆರೆ ಪಕ್ಕದ ಜಮೀನು ನಮ್ಮದೆನ್ನುವ ಹಕ್ಕುಪತ್ರವಿದೆ. ಅವನು ಅಲ್ಲೇ ಒಂದು ಅಪಾರ್ಟ್‌ಮೆಂಟಿನ ತುತ್ತತುದಿಯಲ್ಲಿ ಇದ್ದಾನೆ. ತನ್ನದೇ ಜಮೀನಿನಲ್ಲಿ ನಿಂತು ಬ್ಯಾಂಕಿಗೆ ಕಂತು ಕಟ್ಟುತ್ತಿದ್ದೇನೆ ಎಂದು ಬಾಲ್ಕನಿಯಿಂದ ಕೆರೆಯನ್ನು ದುರುಗುಟ್ಟಿ ನೋಡುತ್ತಾನೆ.

ಇನ್ನು ಪದ್ದತ್ತೆಯ ವಿಷಯ. ಅತ್ತೆ ಅಂದರೆ ಅಪ್ಪನ ತಂಗಿ, ನನ್ನ ಸೋದರತ್ತೆ. ಜಯನಗರದಲ್ಲಿ ಅಪ್ಪ ಕಟ್ಟಿಸಿದ ಪುಟ್ಟ ಮನೆಯಲ್ಲಿ ಈಗ ನಾವಿಬ್ಬರೇ. ನಾನು ಸರ್ಕಾರಿ ಕಚೇರಿಯಿಂದ ನಿವೃತ್ತಳಾದವಳು, ಮದುವೆ ಮಾಡಿಕೊಳ್ಳದವಳು. ಅತ್ತೆ ಎಂಬತ್ತು ದಾಟಿದವಳು, ಮದುವೆಯಾಗಿ ಸ್ವಲ್ಪ ದಿನದಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅವಳು ಹಾಗೆ ಬಂದಾಗ ನಾನು ತೊಟ್ಟಿಲಲ್ಲಿ ಬಜೆ ನೆಕ್ಕುತ್ತಿದ್ದೆ. ಆದ್ದರಿಂದ ಇದು ಅಮ್ಮ ಹೇಳಿದ್ದು. ಆ ವರ್ಷದ ನವರಾತ್ರಿಯಲ್ಲಿ ಬೊಂಬೆ, ಆರತಿ, ಕುಂಕುಮದ ಬಟ್ಟಲು ಯಾವುದನ್ನೂ ಮುಟ್ಟದ ಹಾಗೆ ಅತ್ತೆಯನ್ನು ಒಳಗಿನ ಕೋಣೆಯಲ್ಲಿ ಕೂರಿಸಿದ್ದರಂತೆ. ಮನೆ ತುಂಬ ದೊಡ್ಡಜ್ಜಿಯರು, ಮಡಿ, ಶಾಸ್ತ್ರ. ತಾತ ಯಾರೊಂದಿಗೂ ಜಗಳವಾಡುವ ಪೈಕಿ ಅಲ್ಲ. ಸರಸ್ವತಿ ಪೂಜೆಗೆ ಮಣೆ ಹಾಕಿ, ದೇವರ ಪುಸ್ತಕವನ್ನು ತಾವೇ ತಂದಿಟ್ಟು, ಒಳಗಿದ್ದ ಮಗಳನ್ನು ಕರೆದು ಕೈಗೆ ಕುಂಕುಮದ ಬಟ್ಟಲು ಕೊಟ್ಟರಂತೆ. ದೊಡ್ಡಜ್ಜಿಯೊಬ್ಬಳು ಶಾಸ್ತ್ರದಲ್ಲಿ ಇಲ್ಲದ್ದು ಎಂದು ಬಾಯಿ ತೆರೆದಳು. ತಾತ ಶಾಂತವಾಗಿ ಹೇಳಿದರಂತೆ, "ಈ ಪುಸ್ತಕಕ್ಕೆ ನಮ್ಮ ಶಾಸ್ತ್ರ ಓದಕ್ಕೆ ಬರಲ್ಲಮ್ಮ. ಪದ್ದು ಹಚ್ಚಿದ್ರೆ ಅದಕ್ಕೇನೂ ತಿಳಿಯೋದಿಲ್ಲ."

ಅಂದಿನಿಂದ ಆ ಪುಸ್ತಕದ ಪೂಜೆ ಅತ್ತೆಯದು. ದೊಡ್ಡಜ್ಜಿಯರೆಲ್ಲ ಹೋದರು, ಮಡಿಯೂ ಹೋಯಿತು, ನಾನಂತೂ ಶಾಸ್ತ್ರದ ಮುಖ ನೋಡಿದವಳಲ್ಲ. ಆದರೂ ಅತ್ತೆ ಬೇರೆ ಯಾವ ದೇವರಿಗೂ ಕುಂಕುಮ ಹಚ್ಚಲಿಲ್ಲ. ಹಚ್ಚಿ ಎಂದರೆ "ಅದೆಲ್ಲ ನೀನೇ ಮಾಡು" ಎನ್ನುತ್ತಾಳೆ. ವರ್ಷದಲ್ಲಿ ಒಂದು ದಿನ, ಒಂದು ಪುಸ್ತಕ, ಒಂದು ಚಿಟಿಕೆ. ಅಷ್ಟೇ ಅವಳ ಲೆಕ್ಕ.

ಇಂಥ ಪೆಟ್ಟಿಗೆಗೆ ಕುತ್ತು ತಂದದ್ದು ವಾಷಿಂಗ್ ಮೆಷಿನ್. ಕೆಲಸದ ಸರೋಜ ಊರಿಗೆ ಹೋದವಳು ಬರಲಿಲ್ಲ, ನನ್ನ ಸೊಂಟ ಬಕೆಟ್ ಎತ್ತಲು ಒಪ್ಪಲಿಲ್ಲ, ಮೆಷಿನ್ ತರಿಸಿದೆ. ಕೂರಿಸಲು ಬಂದವನು ಮನೆಯೆಲ್ಲ ಸುತ್ತಿ, ನಲ್ಲಿ, ಮೋರಿ, ಪ್ಲಗ್ ಮೂರೂ ಸಿಗುವುದು ಬಚ್ಚಲ ಪಕ್ಕದ ಕೋಣೆಯ ಮೂಲೆಯಲ್ಲಿ ಮಾತ್ರ ಎಂದ. ಪೆಟ್ಟಿಗೆ ಇದ್ದದ್ದು ಅಲ್ಲೇ. "ಈ ಡಬ್ಬ ತೆಗೀರಿ ಆಂಟಿ, ಐದ್ ನಿಮಿಷದ ಕೆಲ್ಸ" ಎಂದ. ಡಬ್ಬ ಅಂದದ್ದಕ್ಕೆ ಅತ್ತೆ ಅವನಿಗೆ ಕಾಫಿ ಕೊಡಲಿಲ್ಲ. ಮೆಷಿನ್ ತನ್ನ ರಟ್ಟಿನ ಪೆಟ್ಟಿಗೆಯ ಸಮೇತ ಹಾಲ್‌ನಲ್ಲಿ ಕೂತಿತು, ಮುತ್ತಾತನ ಫೋಟೋದ ನೇರ ಕೆಳಗೆ.

ಈ ಪುಸ್ತಕಗಳನ್ನು ಓದಬಲ್ಲವರು ಯಾರಾದರೂ ಗೊತ್ತಿರಬಹುದೆಂದು ನನಗೆ ಆಗ ನೆನಪಾದದ್ದು ಡಾಕ್ಟರ್ ನಸೀಮಾ. ಬೆಳಗಿನ ಯೋಗ ಕ್ಲಾಸಿನಲ್ಲಿ ನನ್ನ ಪಕ್ಕದ ಚಾಪೆ ಅವರದು. ಸಿದ್ದಾಪುರದ ಕಡೆಯಿಂದ ಸ್ಕೂಟರಿನಲ್ಲಿ ಬರುತ್ತಾರೆ, ನನ್ನ ಮೊಣಕೈ ಅವರ ಚಾಪೆಗೆ ತಾಗಿದರೆ ಗದರುತ್ತಾರೆ. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು ಎಂದು ಗೊತ್ತಿತ್ತು. ಗದರುವ ರೀತಿ ನೋಡಿ ಭೌತಶಾಸ್ತ್ರ ಇರಬೇಕು ಎಂದುಕೊಂಡಿದ್ದೆ. ಶವಾಸನದಲ್ಲಿ ಪಿಸುಮಾತಿನಲ್ಲಿ ಕೇಳಿದಾಗ ಗೊತ್ತಾಯಿತು, ಫಾರಸಿ. ಇಷ್ಟು ವರ್ಷ ಪಕ್ಕದಲ್ಲೇ ಮಲಗಿದ್ದರೂ ನನಗೆ ಒಂದಿಷ್ಟೂ ಇಳಿದಿರಲಿಲ್ಲ. ಬಜೆಯ ಸಿದ್ಧಾಂತ ಅಲ್ಲಿಗೆ ಬಿದ್ದುಹೋಯಿತು.

ಅವರು ಬಂದರು. ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟರು.

"ಏನ್ರೀ ವಸುಮತಿ, ಬಚ್ಚಲು ಗೋಡೆಗೆ ಒರಗಿಸಿ ಇಟ್ಟಿದ್ದೀರಲ್ಲ. ಉಪ್ಪಿನಕಾಯಿ ಜಾಡಿನಾದ್ರೂ ಯಾರಾದ್ರೂ ಹೀಗಿಡ್ತಾರಾ?"

"ಬಜೆ ಹಾಕಿದ್ದೀವಿ ಮೇಡಂ," ಎಂದೆ.

"ಬಜೆ ಹುಳಕ್ಕೆ. ನೀರಿಗೆ ಏನ್ ಹಾಕಿದ್ದೀರಿ?"

ನಾನು ಸುಮ್ಮನಾದೆ, ಅದು ನಮ್ಮ ವಂಶದಲ್ಲಿ ಅಪರೂಪ. ಅವರು ಹಾಲ್‌ನಲ್ಲಿ ಬಿಳಿ ಪಂಚೆ ಹಾಸಿಸಿ, ಒಂದೊಂದೇ ಗಂಟು ಬಿಚ್ಚಿದರು. ಹಸಿರು ಬುಟ್ಟಾ ಅರಬ್ಬಿ ವ್ಯಾಕರಣ, ಅಂಚಿನಲ್ಲಿ ಮುತ್ತಾತನ ಕೈಯಿಂದ ಬೇಸರದ ಗೆರೆಗಳು. ಕಿತ್ತಳೆ ಪಾಲಿಯೆಸ್ಟರ್ ಪತ್ರ ಬರೆಯುವುದನ್ನು ಕಲಿಸುವ ಪುಸ್ತಕ, ಅದರಲ್ಲೂ ಮೇಲಧಿಕಾರಿಯನ್ನು ಹೇಗೆಲ್ಲ ಹೊಗಳಬಹುದು ಎನ್ನುವುದಕ್ಕೆ ಪುಟಗಟ್ಟಲೆ ಮಾದರಿ. ಇದನ್ನು ಮೊದಲೇ ಓದಲು ಬಂದಿದ್ದರೆ ನಾನು ಇನ್ನೊಂದು ಪ್ರಮೋಷನ್ ಕಂಡು ನಿವೃತ್ತಳಾಗುತ್ತಿದ್ದೆ. ನೇರಳೆ ಸ್ಯಾಟಿನ್ ಬಿಚ್ಚಿ ಎರಡು ಪುಟ ಓದಿದ ನಸೀಮಾ ಮೇಡಂ ಕೆಮ್ಮಿದರು.

"ಇದು ಶೃಂಗಾರ ಕಣ್ರೀ. ಬರೀ ಕಣ್ಣು, ಕೂದಲು, ಹೆಂಡ."

ಪ್ರಭಾಕರನ ಲವ್ ಮ್ಯಾರೇಜಿಗೆ ಕಾರಣ ಹುಡುಕಿ ಚಿಕ್ಕಮ್ಮ ಜೀವಮಾನವಿಡೀ ಜ್ಯೋತಿಷಿಗಳ ಬಳಿ ಅಲೆದಿದ್ದಳು. ಉತ್ತರ ಅವನ ದಿಂಬಿನ ಕೆಳಗೇ ಇತ್ತು.

ಹಕ್ಕುಪತ್ರ ಸಿಗಲಿಲ್ಲ, ಚಿನ್ನದ ವಿದ್ಯೆಯೂ ಇಲ್ಲ. ಮೇಡಂ ಕನ್ನಡಕ ತೆಗೆದು, ಇವು ಇನ್ನು ಹತ್ತು ಮಳೆಗಾಲ ಈ ಮನೆಯಲ್ಲಿ ಉಳಿಯುವುದಿಲ್ಲ ಎಂದರು. ತಮಗೆ ಗೊತ್ತಿರುವ ಒಂದು ಗ್ರಂಥಾಲಯದಲ್ಲಿ ಇಂಥವನ್ನು ಶುಚಿ ಮಾಡಿ, ಸರಿಯಾದ ಡಬ್ಬಿಗಳಲ್ಲಿಟ್ಟು, ಓದುವವರಿಗೆ ಕೊಡುತ್ತಾರೆ, ಒಪ್ಪಿದರೆ ಅವರ ವ್ಯಾನೇ ಬರುತ್ತದೆ ಎಂದರು. ನನ್ನ ಕಣ್ಣ ಮುಂದೆ ಖಾಲಿ ಮೂಲೆ, ಅದರಲ್ಲಿ ಗುಯ್ಯೆನ್ನುವ ಮೆಷಿನ್ ಬಂದು ನಿಂತಿತು. ಆಗಲಿ ಎಂದೆ. ಫೋನಿನಲ್ಲಿ ಪ್ರಭಾಕರನೂ ಒಪ್ಪಿದ. ಗ್ರಂಥಾಲಯದವರು ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತಾರೆಯೇ ಎಂದಷ್ಟೇ ಕೇಳಿದ.

"ಇನ್ನೊಂದು ಇರಬೇಕಲ್ಲ, ಇಲ್ಲಿ ಜಾಗ ಖಾಲಿ ಇದೆ," ಎಂದರು ಮೇಡಂ, ಪೆಟ್ಟಿಗೆಯ ತಳ ನೋಡುತ್ತಾ.

ಅತ್ತೆ ಅಷ್ಟು ಹೊತ್ತೂ ಬಾಗಿಲಿಗೆ ಒರಗಿ ನಿಂತಿದ್ದಳು. "ಅದು ನನ್ನ ಬೀರುವಿನಲ್ಲಿದೆ. ಅದು ಕೊಡೋದಲ್ಲ," ಎಂದು ಹೇಳಿ ಅಡುಗೆ ಮನೆಗೆ ಹೋದಳು. ದೇವರ ಪುಸ್ತಕವನ್ನು ಹಿಂದಿನ ದಿನವೇ ತನ್ನ ಸೀರೆಗಳ ಕೆಳಗೆ ಸೇರಿಸಿದ್ದಳು.

ಮೇಡಂ ಒತ್ತಾಯ ಮಾಡಲಿಲ್ಲ. ನಾನು ಮಾಡಿದೆ. ನವರಾತ್ರಿ ಹತ್ತಿರ ಬರುತ್ತಿತ್ತು, ವ್ಯಾನು ಬರುವ ದಿನವೂ ನಿಗದಿಯಾಗಿತ್ತು. ಎಲ್ಲ ಕೊಟ್ಟು ಅದೊಂದನ್ನೇ ಯಾಕೆ ಇಟ್ಟುಕೊಳ್ಳಬೇಕು, ಬೀರುವಿನಲ್ಲಿ ಜಿರಳೆ ಬಾರದೇ ಇರುತ್ತದೆಯೇ, ಪೂಜೆಗೆ ಇನ್ನೊಂದು ಪುಸ್ತಕ ಇಟ್ಟರಾಯಿತು ಎಂದೆಲ್ಲ ಕಚೇರಿಯ ಭಾಷೆಯಲ್ಲಿ ವಾದಿಸಿದೆ. ಅತ್ತೆ ಹುರುಳಿಕಾಯಿಯ ನಾರು ತೆಗೆಯುತ್ತಾ ಕೇಳಿಸಿಕೊಂಡಳು.

"ಇನ್ನೊಂದು ಪುಸ್ತಕ ಅಂದ್ರೆ ಯಾವುದು?" ಎಂದಳು.

"ಯಾವುದಾದ್ರೂ. ಭಗವದ್ಗೀತೆ ಇದೆಯಲ್ಲ."

"ಅದಕ್ಕೆ ಶಾಸ್ತ್ರ ಗೊತ್ತು ಕಣೆ," ಎಂದಳು ಅತ್ತೆ. ಇನ್ನೊಂದು ಹುರುಳಿಕಾಯಿ ಎತ್ತಿಕೊಂಡು, "ಈ ಮನೆಗೆ ಬಂದಾಗ ನಂದು ಅಂತ ಏನೂ ಇರಲಿಲ್ಲ ವಸು. ತಟ್ಟೆ ಲೋಟನೂ ನಿಮ್ಮದೇ. ಅಪ್ಪ ಅದೊಂದು ನನ್ನ ಕೈಗೆ ಕೊಟ್ಟಿದ್ದು," ಎಂದಳು.

ಅತ್ತೆ ಹೀಗೆ ಮಾತಾಡಿದವಳೇ ಅಲ್ಲ. ನನಗೆ ತುಂಬ ನಾಚಿಕೆಯಾಯಿತು. ಹಾಲ್‌ಗೆ ಹೋಗಿ ಮೆಷಿನ್ನಿನ ರಟ್ಟಿನ ಪೆಟ್ಟಿಗೆಯ ಮೇಲೆ ಕೂತೆ. ಮೇಲಿಂದ ಮುತ್ತಾತ ಸೀನುವ ಮುಖ ಮಾಡಿಕೊಂಡು ನೋಡುತ್ತಿದ್ದರು. ದೇವರ ಪುಸ್ತಕ ಇಲ್ಲೇ ಇರಲಿ, ನೆಂದು ಕರಗಿ ಗಂಜಿಯಾಗುವ ತನಕ ಇರಲಿ ಎಂದು ತೀರ್ಮಾನಿಸಿ ಅತ್ತೆಗೆ ಹೇಳಿದೆ. ಅವಳು ಹೂಂ ಎಂದಳು. ಮಾರನೆಯ ದಿನ ಕಾಫಿ ಕುಡಿಯುತ್ತಾ ಅವಳೇ, "ನಿನ್ನ ಸ್ನೇಹಿತೇನ ಇನ್ನೊಂದು ಸಲ ಕರಿ. ಕೊಡಕ್ಕಲ್ಲ. ಅದರಲ್ಲಿ ಏನಿದೆ ಅಂತ ಒಂದ್ಸಲ ಕೇಳ್ಬೇಕು. ಇಷ್ಟು ವರ್ಷ ಯಾರಿಗೆ ಹಚ್ಚಿದೆ ಅಂತಾನಾದ್ರೂ ತಿಳಿಯಲಿ," ಎಂದಳು.

ನಸೀಮಾ ಮೇಡಂ ಸಂಜೆಯೇ ಬಂದರು. ಅತ್ತೆ ಕೈಕಾಲು ತೊಳೆದು, ಕೆಂಪು ರೇಷ್ಮೆ ಬಿಚ್ಚಿ, ಪುಸ್ತಕವನ್ನು ಮಣೆಯ ಮೇಲಿಟ್ಟು, ಯಾವಾಗಿನಂತೆ ರಟ್ಟು ತೆರೆದಳು. ತ್ರಿಕೋನದ ತುದಿಯಲ್ಲಿ ತಲೆಮಾರುಗಳ ಕುಂಕುಮ ಹೆಪ್ಪುಗಟ್ಟಿ ಕಪ್ಪಗಾಗಿತ್ತು.

"ಪದ್ಮಮ್ಮ, ಒಂದು ಮಾತು ಹೇಳಿದ್ರೆ ಬೇಜಾರ್ ಮಾಡ್ಕೋಬೇಡಿ," ಎಂದರು ಮೇಡಂ. "ನೀವು ತೆಗೆದಿರೋದು ಕೊನೇ ಪುಟ."

ನಾವಿಬ್ಬರೂ ಅವರ ಮುಖ ನೋಡಿದೆವು. ಅವರು ಪುಸ್ತಕವನ್ನು ಮೆಲ್ಲಗೆ ಮಗುಚಿ, ಆಚೆ ಬದಿಯ ರಟ್ಟು ತೆರೆದರು. ಈ ಲಿಪಿ ಬಲದಿಂದ ಎಡಕ್ಕೆ ಓಡುತ್ತದೆ ಎಂದು ನನಗೆ ಗೊತ್ತಿತ್ತು. ಆಟೋಗಳ ಮೇಲೆ, ಬಿರಿಯಾನಿ ಹೋಟೆಲಿನ ಬೋರ್ಡಿನ ಮೇಲೆ ನೋಡಿಯೇ ಇದ್ದೇನೆ. ಹಾಗಾದರೆ ಪುಸ್ತಕವೂ ಆ ಕಡೆಯಿಂದಲೇ ಶುರುವಾಗಬೇಕು ಎಂದು ಹೊಳೆಯಲು ನಮ್ಮ ಮನೆಗೆ ಒಂದು ಹೊರಗಿನ ತಲೆ ಬೇಕಾಯಿತು. ತಾತ ಕನ್ನಡ ಪುಸ್ತಕದ ಹಾಗೆ ತೆರೆದರು, ಅಪ್ಪನೂ ಹಾಗೇ ತೆರೆದ, ನಾವೆಲ್ಲ ಕೈಮುಗಿದೆವು. ನಿಜವಾದ ಮೊದಲ ಪುಟವನ್ನು ಮುತ್ತಾತ ಸತ್ತ ಮೇಲೆ ಯಾರೂ ನೋಡಿರಲಿಲ್ಲ. ಅದು ನೀಲಿ ಮತ್ತು ಚಿನ್ನದ ಬಳ್ಳಿಗಳ ಪುಟ, ನಿನ್ನೆ ತಾನೇ ಬಣ್ಣ ಹಾಕಿದಷ್ಟು ಹೊಸದಾಗಿತ್ತು. ನಮ್ಮ ಭಕ್ತಿ ಅದನ್ನು ಮುಟ್ಟದೆ ಹೋದದ್ದರಿಂದ ಉಳಿದುಕೊಂಡಿತ್ತು.

"ಏನಿದೆ ಇದ್ರಲ್ಲಿ?" ಎಂದಳು ಅತ್ತೆ.

ಮೇಡಂ ಓದಿದರು, ಪುಟ ತಿರುಗಿಸಿ ಇನ್ನಷ್ಟು ಓದಿದರು. ತುಟಿ ಬಿಗಿ ಹಿಡಿದಿದ್ದರು. "ಕುದುರೆ," ಎಂದರು. "ಕುದುರೆಗೆ ಬರೋ ಕಾಯಿಲೆಗಳು, ಅದಕ್ಕೆ ಔಷಧಿ. ಇಲ್ಲಿಂದ ಇಲ್ಲೀವರೆಗೆ ಹೊಟ್ಟೆ ಉಬ್ಬರ."

ಮೊದಲು ನಕ್ಕದ್ದು ಅತ್ತೆ. ಸೆರಗು ಬಾಯಿಗೆ ಹಿಡಿದು, ಮಣೆಯ ಮೇಲೆ ಬಗ್ಗಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ದೊರೆಯ ಕುದುರೆ ಯಾರದೋ ಮನೆಗೆ ಹೋಯಿತು, ಅದರ ಕಾಯಿಲೆಗಳು ನಮ್ಮ ಮನೆಗೆ ಬಂದವು. ಹೊಟ್ಟೆ ಉಬ್ಬರವನ್ನು ಕಣ್ಣಿಗೊತ್ತಿಕೊಂಡು ನಾನು ಗಣಿತದ ಪರೀಕ್ಷೆಗೆ ಹೋಗಿದ್ದೆ. ಮೇಡಂ ಇನ್ನೊಂದು ಮಾತು ಸೇರಿಸಿದರು. ಇದನ್ನು ಸಂಸ್ಕೃತದ ಪುಸ್ತಕದಿಂದ ಫಾರಸಿಗೆ ಮಾಡಿದ್ದೆಂದು ಪೀಠಿಕೆಯಲ್ಲೇ ಬರೆದಿದೆಯಂತೆ. ಸರಸ್ವತಿ ಪೂಜೆಗೆ ಈ ಪುಸ್ತಕ ಯಾಕೆ ಎಂದು ಹಿಂದಿನ ವಾರ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಗೊಣಗಿದ್ದ ಪ್ರಭಾಕರ, ಈ ಸುದ್ದಿ ತಿಳಿದ ಕೂಡಲೇ "ಎಲ್ಲ ನಮ್ಮ ಪೂರ್ವಜರದ್ದೇ" ಎಂದು ಕೈಮುಗಿದ ಚಿತ್ರಗಳನ್ನು ಸಾಲಾಗಿ ಹಾಕಿದ.

ನಗು ನಿಂತ ಮೇಲೆ ಅತ್ತೆ ಪುಸ್ತಕವನ್ನು ತಾನೇ ಮಗುಚಿ ಮತ್ತೆ ತನ್ನ ಪುಟಕ್ಕೆ ಬಂದಳು. "ಇಲ್ಲಿರೋದೂ ಹೊಟ್ಟೆ ಉಬ್ಬರವೇನಾ?" ಎಂದಳು. ಕೇಳುವಾಗ ಅವಳ ಬೆರಳು ಕಪ್ಪಗಾದ ಕುಂಕುಮದ ಪಕ್ಕದಲ್ಲಿತ್ತು.

"ಅಲ್ಲ," ಎಂದರು ಮೇಡಂ. "ಇದು ಯಂತ್ರ ಅಲ್ಲಮ್ಮ. ಪುಸ್ತಕ ಮುಗಿದ ಮೇಲೆ ಅದನ್ನ ಕೈಯಲ್ಲಿ ನಕಲು ಮಾಡಿದವನು ತನ್ನ ಮಾತು ಒಂದೆರಡು ಬರೀತಾನೆ. ಹೀಗೆ ಚೂಪು ಮಾಡಿ ಬರಿಯೋದು ವಾಡಿಕೆ." ಅವರು ಬಗ್ಗಿ, ಸಾಲಿನ ಕೆಳಗೆ ಬೆರಳಿಟ್ಟು, ಬಲದಿಂದ ಎಡಕ್ಕೆ ನಿಧಾನವಾಗಿ ಓದಿ ಕನ್ನಡದಲ್ಲಿ ಹೇಳಿದರು. "ನನ್ನ ಕಣ್ಣು ಮಂಜಾಗಿದೆ, ಬೆನ್ನು ಬಗ್ಗಿದೆ. ನಾನು ಹೋಗ್ತೀನಿ, ಬರಹ ಇರುತ್ತೆ. ಈ ಪುಸ್ತಕ ಯಾರ ಕೈಗೆ ಬರುತ್ತೋ ಅವರು ಈ ಬಡವನಿಗೋಸ್ಕರ ಒಂದು ಪ್ರಾರ್ಥನೆ ಮಾಡಲಿ. ಅಂತ ಹೇಳಿ ಕೆಳಗೆ ಹೆಸರು ಬರೆದಿದ್ದಾನೆ."

"ಏನು ಹೆಸರು?"

"ಅದೇ ಗೊತ್ತಾಗ್ತಿಲ್ಲ ಪದ್ಮಮ್ಮ. ಹೆಸರು ತುದೀಲಿದೆ. ನಿಮ್ಮ ಕುಂಕುಮ ಅದರ ಮೇಲೇ ಇದೆ."

ಅತ್ತೆ ಪುಟವನ್ನೇ ನೋಡುತ್ತಿದ್ದಳು. ಹೆಸರನ್ನು ಅಳಿಸಿಬಿಟ್ಟೆ ಎಂದು ನೊಂದುಕೊಂಡಾಳು ಎಂದು ನನಗೆ ಭಯವಾಯಿತು. ಏನಾದರೂ ಹಗುರ ಮಾತು ಆಡೋಣ ಎಂದು ಹುಡುಕಿದೆ, ಬಜೆ ಆ ಹೊತ್ತಿಗೆ ಕೈಕೊಟ್ಟಿತು.

"ಅಲ್ಲ, ಅವನು ಕೇಳ್ಕೊಂಡ," ಎಂದಳು ಅತ್ತೆ ಕೊನೆಗೆ. "ನಾನು ಮಾಡಿದೆ. ಇಬ್ಬರಿಗೂ ಗೊತ್ತಿಲ್ಲದೆ ಆಗಿದೆ ನೋಡು ಕೆಲಸ."

"ಹೂಂ," ಎಂದರು ಮೇಡಂ. ಅವರು ಕನ್ನಡಕ ಒರೆಸುತ್ತಿದ್ದರು. ಗದರುವ ದನಿ ಎಲ್ಲೋ ಹೋಗಿತ್ತು. "ಎಷ್ಟೋ ಪುಸ್ತಕ ಓದಿದ್ದೀನಿ ಪದ್ಮಮ್ಮ. ಕೊನೆಗೆ ಹೀಗೆ ಬರೆದಿರ್ತಾರೆ ಅಂತ ಗೊತ್ತು. ಓದಿ ಮುಚ್ಚಿಡ್ತಿದ್ದೆ. ನಾನು ಒಬ್ಬರಿಗೂ ಮಾಡಿಲ್ಲ."

ಅತ್ತೆ ಪುಸ್ತಕ ಮುಚ್ಚಿದಳು. ರೇಷ್ಮೆಯ ಕಣದಲ್ಲಿ ಸುತ್ತಿ, ಅದನ್ನು ಬೀರುವಿನ ಕಡೆಗೆ ಒಯ್ಯದೆ ಮೇಡಂ ತೊಡೆಯ ಮೇಲೆ ಇಟ್ಟಳು.

"ಅತ್ತೆ, ಬೇಡ. ಇಲ್ಲೇ ಇರಲಿ ಅಂತ ಹೇಳಿದ್ನಲ್ಲ," ಎಂದೆ.

"ಯಾರ ಕೈಗೆ ಬರುತ್ತೋ ಅಂತ ತಾನೇ ಅವನು ಬರೆದಿರೋದು. ಇಷ್ಟು ವರ್ಷ ನನ್ನ ಕೈ ಒಂದೇ ಸಿಕ್ಕಿದ್ದು ಪಾಪ. ನಾನು ಹೋದ ಮೇಲೆ ನೀನು ಮಾಡ್ತೀಯಾ? ತುಳಸಿಗೆ ನೀರು ಹಾಕು ಅಂದ್ರೆ ಫೋನ್ ನೋಡ್ಕೊಂಡು ಮೆಣಸಿನ ಗಿಡಕ್ಕೆ ಹಾಕಿ ಬರ್ತೀಯ." ಆಮೇಲೆ ಮೇಡಂ ಕಡೆ ತಿರುಗಿ, "ಅಲ್ಲಿ ಓದೋವ್ರು ಬರ್ತಾರೆ ಅಂದ್ರಲ್ಲ. ಕೊನೇ ಪುಟ ಮೊದಲು ತೆಗೀರಿ ಅಂತ ಹೇಳಿ," ಎಂದಳು.

ವ್ಯಾನು ಬಂತು, ಪೆಟ್ಟಿಗೆ ಹೋಯಿತು. ಗ್ರಂಥಾಲಯದವರು ಪುಟವನ್ನು ಪರೀಕ್ಷಿಸಿ, ಕುಂಕುಮ ಕೆರೆದರೆ ಅದರ ಜೊತೆ ಶಾಯಿಯೂ ಎದ್ದು ಬರುತ್ತದೆ, ಹಾಗೇ ಬಿಡುತ್ತೇವೆ ಎಂದರಂತೆ. ಹೀಗೆ ನಮ್ಮ ಅತ್ತೆಯ ಕುಂಕುಮ ಈಗ ಎ.ಸಿ. ಕೋಣೆಯಲ್ಲಿದೆ, ನಮ್ಮಲ್ಲಿ ಯಾರಿಗೂ ಸಿಗದ ಭಾಗ್ಯ. ಕಲ್ಲಿನಲ್ಲಿ ಹೆಸರು ಕೆತ್ತಿಸುವ ಪದ್ಧತಿ ಅಲ್ಲಿ ಇಲ್ಲವಂತೆ. ಪ್ರಭಾಕರ ಮತ್ತೆ ಕೆರೆಯ ಕಡೆ ಗಮನ ಹರಿಸಿದ್ದಾನೆ.

ಮೆಷಿನ್ ಮೂಲೆಯಲ್ಲಿ ಕೂತಿತು. ಸರಸ್ವತಿ ಪೂಜೆಯ ದಿನ ಅತ್ತೆ ಮಣೆ ಹಾಕಲಿಲ್ಲ. ಪೇಪರಿನ ಪದಬಂಧ ತುಂಬುತ್ತಾ ಕೂತಿದ್ದಳು, ಒಂದು ಪದವನ್ನೂ ತುಂಬಿರಲಿಲ್ಲ. ನಾನು ಅದನ್ನು ನೋಡಿ ಅಡುಗೆ ಮನೆಗೆ ಹೋಗಿ ಅತ್ತುಬಿಟ್ಟೆ. ಮೂಲೆ ಖಾಲಿ ಮಾಡಿಸಿದವಳು ನಾನೇ ತಾನೇ.

ಆಯುಧ ಪೂಜೆ ಬಂತು. ನಮ್ಮ ಬೀದಿಯಲ್ಲಿ ಕುಂಬಳಕಾಯಿ ಒಡೆಯುವ ಸದ್ದು, ಕಾರುಗಳಿಗೆ ಬಾಳೆಕಂದು. ನಮ್ಮ ಮನೆಯ ಆಯುಧಗಳೆಂದರೆ ಮಿಕ್ಸಿ, ಗ್ರೈಂಡರ್, ಈಳಿಗೆ ಮಣೆ, ಜೊತೆಗೆ ಈ ಹೊಸ ಮೆಷಿನ್. ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬಚ್ಚಲ ಪಕ್ಕದ ಕೋಣೆಗೆ ಹೋದೆ. ಹಿಂದೆ ಸೀರೆಯ ಸದ್ದಾಯಿತು. ಅತ್ತೆ ಬಾಗಿಲಲ್ಲಿ ನಿಂತು, ಪೆಟ್ಟಿಗೆಯಿದ್ದ ಜಾಗದಲ್ಲಿ ಬೆಳ್ಳಗೆ ನಿಂತಿದ್ದ ಮೆಷಿನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಇದರ ಮುಂಭಾಗ ಯಾವುದು? ಈ ಸಲ ಮೊದಲೇ ಹೇಳ್ಬಿಡು," ಎಂದಳು.

ನಾನು ತೋರಿಸಿದೆ. ಅವಳು ಕೈ ಚಾಚಿ ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡಳು.

"ಇದಕ್ಕೂ ನಮ್ಮ ಶಾಸ್ತ್ರ ಓದಕ್ಕೆ ಬರಲ್ಲ ತಾನೇ," ಎಂದು, ಬೆರಳು ಅದ್ದಿ, ಗುಂಡಿಗಳ ಸಾಲಿಗೆ ತಾಗದ ಹಾಗೆ ನಡುವೆ ಒಂದು ಬೊಟ್ಟು ಇಟ್ಟಳು. ಕಣ್ಣು ಮುಚ್ಚಿ, "ಬರೆದೋನಿಗೂ ಒಳ್ಳೇದಾಗ್ಲಿ, ಒಗೆಯೋದಕ್ಕೂ ಒಳ್ಳೇದಾಗ್ಲಿ," ಎಂದಳು. ಬಟ್ಟಲು ವಾಪಸು ಕೊಡುತ್ತಾಳೆ ಎಂದು ನಾನು ಕೈ ಚಾಚಿದೆ. ಅವಳು ಅದನ್ನು ಕೊಡದೆ, ನನ್ನನ್ನು ದಾಟಿಕೊಂಡು ಗ್ರೈಂಡರಿನ ಕಡೆ ಹೋದಳು.